ಖಂಡಸ್ಫುಟಿತ ಜೀರ್ಣೋದ್ಧಾರ: ದಾನಶಾಸನವೂ ಆಸ್ಪತ್ರೆಯ ಯಂತ್ರಗಳ ನಿರ್ವಹಣಾ ಕರಾರೂ

ಕನ್ನಡ ಗದ್ಯದ ಅತಿ ಪ್ರಾಚೀನ ಮಾದರಿಗಳು ಕಥೆಯನ್ನು ಹೇಳುವುದಕ್ಕಾಗಲಿ ರಸವನ್ನು ಉಕ್ಕಿಸುವುದಕ್ಕಾಗಲಿ ಹುಟ್ಟಿದವಲ್ಲ. ಯಾರು ಯಾರಿಗೆ ಏನನ್ನು ಕೊಟ್ಟರು, ಕೊಟ್ಟುದು ಕೆಡದೆ ನಿಲ್ಲಬೇಕಾದರೆ ಯಾರು ಏನನ್ನು ಮಾಡತಕ್ಕುದು ಎಂಬುದನ್ನು ಕಲ್ಲಿನಲ್ಲಿ ನೆಲೆಗೊಳಿಸಿದ ವ್ಯವಹಾರಪತ್ರಗಳು ಅವು. ಹಲ್ಮಿಡಿಯ ಶಾಸನವೂ ಒಂದು ದಾನದ ದಾಖಲೆಯೇ. ಈ ಪತ್ರಗಳ ಲಿಪಿಯನ್ನೂ ವ್ಯಾಕರಣವನ್ನೂ ವಿದ್ವಾಂಸರು ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ. ಅವುಗಳಲ್ಲಿ ಅಡಗಿರುವ ಕಾವ್ಯಗುಣವನ್ನು ಕೂಡ ಎತ್ತಿ ತೋರಿಸಿದ್ದಾರೆ. ಆದರೆ ಅದೇ ವಂಶದಲ್ಲಿ ಹುಟ್ಟಿದ ಇಂದಿನ ಕರಾರುಪತ್ರವನ್ನು ಸಾಹಿತ್ಯವಿಮರ್ಶೆಯು ಕಚೇರಿಯ ಪಾಲಿಗೆ ಬಿಟ್ಟುಕೊಟ್ಟಿದೆ. ಇದು ಯುಕ್ತವಲ್ಲ. ಒಂದು ವಾಕ್ಯದ ಅನ್ವಯವು ಸಡಿಲವಾದುದರಿಂದ ಕಾವ್ಯದಲ್ಲಿ ಒಂದು ಪದ್ಯ ಕೆಡಬಹುದು. ಆಸ್ಪತ್ರೆಯ ಕರಾರಿನಲ್ಲಿ ಅನ್ವಯವು ಸಡಿಲವಾದರೆ ಕೆಡುವುದು ಬೇರೊಂದು.

ಆಸ್ಪತ್ರೆಯ ಯಂತ್ರಗಳನ್ನು ಕೊಂಡು ತಂದು ಇಡುವುದರಿಂದಲೇ ಕೆಲಸ ಮುಗಿಯುವುದಿಲ್ಲವೆಂಬುದು ಸರ್ಕಾರಗಳಿಗೆ ಮನವರಿಕೆಯಾದಮೇಲೆ, ಅವುಗಳ ಪಾಲನೆಯನ್ನು ಒಟ್ಟಾಗಿ ಒಬ್ಬ ಗುತ್ತಿಗೆದಾರನಿಗೆ ವಹಿಸುವ ಪದ್ಧತಿ ಬಂದಿದೆ. ಇದರಲ್ಲಿ ಎರಡು ಬಗೆ. ಯಂತ್ರ ಆಸ್ಪತ್ರೆಯದು, ಅದನ್ನು ಸುಸ್ಥಿತಿಯಲ್ಲಿಡುವ ಹೊಣೆ ಗುತ್ತಿಗೆದಾರನದು ಎಂಬುದು ಒಂದು. ಯಂತ್ರವೂ ಅವನದೇ, ಆಸ್ಪತ್ರೆಯು ಅದರಿಂದ ದೊರೆಯುವ ಸೇವೆಗೆ ಮಾತ್ರ ಹಣ ಕೊಡತಕ್ಕುದು ಎಂಬುದು ಮತ್ತೊಂದು. ಈ ಎರಡು ಬಗೆಯ ಬರಹಗಳನ್ನು ಹಳೆಯ ದಾನಶಾಸನಗಳ ಪಕ್ಕದಲ್ಲಿಟ್ಟು ಓದಿದರೆ ಹೊಸ ಪತ್ರದ ಗುಣದೋಷಗಳು ಸ್ಪಷ್ಟವಾಗುತ್ತವೆ. ಹಳೆಯ ಪತ್ರದ ಕೊರತೆಯೂ ಆಗಲೇ ಕಾಣುತ್ತದೆ.

ಹೂವಿನಹಡಗಲಿ ತಾಲೂಕಿನ ಹೊಳಲು ಎಂಬ ಊರು ಇಂಥ ಹೋಲಿಕೆಗೆ ಒಳ್ಳೆಯ ನೆಲೆ. ಬಳ್ಳಾರಿ ಜಿಲ್ಲೆ ಮದರಾಸು ಆಧಿಪತ್ಯದಲ್ಲಿದ್ದಾಗ ಈ ಸೀಮೆಯ ಕನ್ನಡ ಶಾಸನಗಳು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಅಚ್ಚಾದ ದಕ್ಷಿಣ ಭಾರತ ಶಾಸನಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗದಲ್ಲಿ ಸಂಗ್ರಹವಾದವು. ಬಳ್ಳಾರಿಯು ಮೈಸೂರಿಗೆ ಸೇರಿದುದು 1953ರಲ್ಲಿ; 2021ರಿಂದ ಈ ತಾಲೂಕು ವಿಜಯನಗರ ಜಿಲ್ಲೆಗೆ ಸೇರಿದೆ. ಹೊಳಲಿನ ಅನಂತಶಯನಮೂರ್ತಿಯ ವಿಷಯವಾಗಿ ಪ್ರಚಾರದಲ್ಲಿರುವ ಐತಿಹ್ಯ ವಾಚಕರಲ್ಲಿ ಅನೇಕರಿಗೆ ತಿಳಿದದ್ದೇ. ಕೃಷ್ಣದೇವರಾಯನು ಈ ಮೂರ್ತಿಯನ್ನು ತನ್ನ ಹೊಸ ದೇಗುಲಕ್ಕೆ ಒಯ್ಯಬೇಕೆಂದಿದ್ದನಂತೆ. ಹಿಂದಿರುಗಿ ನೋಡದಿದ್ದರೆ ಬರುವೆನೆಂದು ದೇವರು ಒಪ್ಪಿದನಂತೆ. ಅರಸನು ನಡುದಾರಿಯಲ್ಲಿ ತಿರುಗಿ ನೋಡಲಾಗಿ ದೇವರು ಹೊಳಲಿನಲ್ಲೇ ಉಳಿದನಂತೆ. ಐತಿಹ್ಯದ ಸತ್ಯಾಸತ್ಯಗಳು ಹೇಗಾದರೂ ಇರಲಿ, ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯ ಅನಂತಶಯನಗುಡಿಯಲ್ಲಿ 1524ರ ಆ ಮಹಾಕಟ್ಟಡವು ಮೂಲಮೂರ್ತಿಯಿಲ್ಲದೆ ಇಂದಿಗೂ ನಿಂತಿರುವುದು ಪ್ರತ್ಯಕ್ಷ. ಕಟ್ಟಡ ಸಿದ್ಧವಾಗಿದ್ದೂ ಒಳಗಿರಬೇಕಾದುದು ಇಲ್ಲದಿರುವ ಸ್ಥಿತಿಯನ್ನು ನಾಡಿನ ಆಸ್ಪತ್ರೆಗಳನ್ನು ಬಲ್ಲವರಿಗೆ ಬೇರೆ ವಿವರಿಸಬೇಕಾಗಿಲ್ಲ.

ಈಗ ಶಾಸನಗಳ ಮಾತಿಗೆ ಬರಬಹುದು. ಚಾಳುಕ್ಯರ ಕಾಲದ ದಾನಪತ್ರಗಳಲ್ಲಿ ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ತಪೋಧನರ ಆಹಾರದಾನಕ್ಕೆ ಎಂದು ವಿನಿಯೋಗಗಳನ್ನು ಹೇಳುವಾಗ ಅವುಗಳ ಸಾಲಿನಲ್ಲೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಸಮಾಸವು ತಪ್ಪದೆ ಎಂಬಷ್ಟು ಬರುತ್ತದೆ. ಬಳಕೆಯಿಂದ ಸವೆದು ಇದು ಓದುಗನ ಕಣ್ಣಿಗೆ ಬರಿಯ ಪಡಿನುಡಿಯಾಗಿಬಿಟ್ಟಿದೆ. ಆದರೆ ಬಿಡಿಸಿ ನೋಡಿದರೆ ಇದರಲ್ಲಿ ಒಂದು ಸೂಕ್ಷ್ಮವಾದ ವಿವೇಕವುಂಟು. ಖಂಡವೆಂದರೆ ಒಡೆದು ತುಂಡಾದುದು. ಸ್ಫುಟಿತವೆಂದರೆ ಬಿರುಕುಬಿಟ್ಟು ಇನ್ನೂ ಬೀಳದೆ ನಿಂತಿರುವುದು. ಜೀರ್ಣವೆಂದರೆ ಪೆಟ್ಟೇನೂ ಬೀಳದೆ ಕಾಲವಶದಿಂದಲೇ ಸವೆದುಹೋದುದು. ಕೇಡಿನ ಮೂರು ಅವಸ್ಥೆಗಳನ್ನು ಮೂರು ಮಾತಿನಲ್ಲಿ ಹಿಡಿದು, ಮೂರಕ್ಕೂ ಒಂದೇ ಉದ್ಧಾರವನ್ನು ಹೇಳಿ, ಅದಕ್ಕೆ ಬೇಕಾದ ಭೂಮಿಯನ್ನು ದಾನದ ದಿನವೇ ಬಿಟ್ಟುಕೊಡಲಾಗಿದೆ. ದಾನ ಮೊದಲು, ದುರಸ್ತಿಯ ಯೋಚನೆ ಆಮೇಲೆ ಎಂಬ ಕ್ರಮ ಇಲ್ಲಿಲ್ಲ. ಕೊಡುವ ವಾಕ್ಯದೊಳಗೇ ಕಾಪಾಡುವುದು ಸೇರಿದೆ. ಯಂತ್ರಶಿಲ್ಪಿಗಳು ಇಂದು ಕೆಟ್ಟುದನ್ನು ಸರಿಪಡಿಸುವುದು, ಕೆಡುವ ಮುನ್ನ ತಡೆಯುವುದು, ಆಯುಸ್ಸು ಮುಗಿದುದನ್ನು ತೆಗೆದು ಬೇರೊಂದನ್ನಿಡುವುದು ಎಂದು ಮಾಡುವ ವಿಭಾಗವು ಇದಕ್ಕೆ ಸರಿಸಮವಾಗಿ ಹೊಂದುತ್ತದೆ. ಶಾಸನಕಾರನು ಶಿಲೆಯ ಗುಡಿಯನ್ನು ಕುರಿತು ಹೇಳಿದನು. ಅವನ ವರ್ಗೀಕರಣ ಮಾತ್ರ ಶಿಲೆಗೆ ಸೀಮಿತವಾದುದಲ್ಲ.

ಪ್ರತಿಯಾಗಿ, ನಾಡಿನ ಸರ್ಕಾರಿ ಆಸ್ಪತ್ರೆಗಳಿಗೆ ಯಂತ್ರಗಳು ಬಂದ ಬಗೆಯನ್ನು ನೋಡಿದರೆ ಕೊಡುವ ವಾಕ್ಯವೂ ಕಾಪಾಡುವ ವಾಕ್ಯವೂ ಬಹುಕಾಲ ಬೇರೆಬೇರೆಯಾಗಿಯೇ ಇದ್ದುವು. ವಿಶ್ವಬ್ಯಾಂಕಿನ ನೆರವಿನಿಂದ 1996ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯ ವ್ಯವಸ್ಥೆಯ ಅಭಿವೃದ್ಧಿ ಯೋಜನೆಯು ಜಿಲ್ಲೆ ತಾಲೂಕುಗಳ ಆಸ್ಪತ್ರೆಗಳನ್ನು ಕಟ್ಟಿ ಸಜ್ಜುಗೊಳಿಸಿದಾಗ ಉಪಕರಣಗಳ ದುರಸ್ತಿಯೂ ಅದರ ಯೋಚನೆಯಲ್ಲಿ ಸೇರಿತ್ತು. ಆದರೂ ದೇಶದ ಒಟ್ಟು ಸ್ಥಿತಿ ಹೇಗಿತ್ತೆಂಬುದು ತಿಳಿದದ್ದು, ರಾಷ್ಟ್ರೀಯ ಆರೋಗ್ಯ ಅಭಿಯಾನವು 2015ರಲ್ಲಿ ಜೀವವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮವನ್ನು ಹೊರಡಿಸುವಾಗ ಮಾಡಿಸಿದ ಎಣಿಕೆಯಿಂದ. 29 ರಾಜ್ಯಗಳ 29,115 ಆರೋಗ್ಯಸಂಸ್ಥೆಗಳಲ್ಲಿ 7,56,750 ಉಪಕರಣಗಳು ಲೆಕ್ಕಕ್ಕೆ ಸಿಕ್ಕಿದುವು. ಅವುಗಳ ಬೆಲೆ ಸುಮಾರು 4,564 ಕೋಟಿ ರೂಪಾಯಿ. ರಾಜ್ಯರಾಜ್ಯಕ್ಕೆ ವ್ಯತ್ಯಾಸವಾಗುತ್ತ ಶೇಕಡ 13ರಿಂದ 34ರವರೆಗೆ ಕೆಲಸಕ್ಕೆ ಬಾರದೆ ಬಿದ್ದಿದ್ದುವು. ಆಮೇಲೆ ಬಂದ ಪದ್ಧತಿಯೇ ಪ್ರಕೃತ ವಿಮರ್ಶೆಯ ವಿಷಯ. ರಾಜ್ಯವು ಟೆಂಡರು ಕರೆದು ಎಲ್ಲ ಉಪಕರಣಗಳ ಪಾಲನೆಯನ್ನು ಒಬ್ಬರಿಗೆ ವಹಿಸುತ್ತದೆ. ಅವರ ಸಂಭಾವನೆಯು ಉಪಕರಣಗಳ ಒಟ್ಟು ಮೌಲ್ಯದ ಇಷ್ಟು ಶೇಕಡವೆಂದು ನಿರ್ಣಯವಾಗುತ್ತದೆ. ಯಂತ್ರಗಳು ಕೆಲಸಕ್ಕೆ ಒದಗುವ ಕಾಲ, ಅಂದರೆ ಕಚೇರಿಯ ಮಾತಿನಲ್ಲಿ ‘ಅಪ್‌ಟೈಮ್’, ಜಿಲ್ಲಾ ಆಸ್ಪತ್ರೆಯಲ್ಲಿ ಶೇಕಡ 95, ಸಮುದಾಯ ಆರೋಗ್ಯಕೇಂದ್ರದಲ್ಲಿ 90, ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿ 80ಕ್ಕೆ ಕಡಿಮೆಯಾಗಕೂಡದು.

ಪಾಲನೆಯನ್ನು ದಾನದೊಡನೆ ಮತ್ತೆ ಕೂಡಿಸಿದ್ದಕ್ಕಾಗಿ ಈ ಪದ್ಧತಿಯನ್ನು ಮೆಚ್ಚತಕ್ಕುದೇ. ಆದರೆ ವಿಮರ್ಶಕನು ಅಂಕಿಯನ್ನೂ ಒಂದು ಶಬ್ದದಂತೆ ಓದಬೇಕು. ಅದರ ವಾಚ್ಯಾರ್ಥವೇನು, ಅದು ಮುಚ್ಚುವ ಅರ್ಥವೇನು ಎಂದು ಕೇಳಬೇಕು. ನೂರಕ್ಕೆ ಎಂಬತ್ತು ಎಂಬುದು ಕೇಳುವುದಕ್ಕೆ ಒಳ್ಳೆಯ ಅಂಕಿ. ಪರೀಕ್ಷೆಯಲ್ಲಿ ಇಷ್ಟು ಬಂದ ವಿದ್ಯಾರ್ಥಿಯನ್ನು ಹೊಗಳುವುದುಂಟು. ಅದನ್ನೇ ದಿನಗಳಾಗಿ ಮಾರ್ಪಡಿಸಿದರೆ, ವರ್ಷದಲ್ಲಿ 73 ದಿನ ಯಂತ್ರವು ನಿಂತಿದ್ದರೂ ಕರಾರಿಗೆ ಭಂಗವಿಲ್ಲವೆಂದಾಯಿತು. ಜಿಲ್ಲಾಕೇಂದ್ರದಲ್ಲಿ ಇದೇ ರಿಯಾಯಿತಿ 18 ದಿನಗಳಿಗೆ ಸ್ವಲ್ಪ ಹೆಚ್ಚು. ದೊಡ್ಡ ಆಸ್ಪತ್ರೆಯಲ್ಲಿ ಒಂದು ಯಂತ್ರ ನಿಂತರೆ ಪಕ್ಕದ ಕೊಠಡಿಯಲ್ಲಿ ಇನ್ನೊಂದಿರಬಹುದು. ಹೊಳಲಿನಂಥ ಊರಿನ ಕೇಂದ್ರದಲ್ಲಿ ಆಗತಾನೆ ಹುಟ್ಟಿದ ಶಿಶುವನ್ನು ಬೆಚ್ಚಗಿಡುವ ವಾರ್ಮರ್ ನಿಂತರೆ ಮುಂದಿನದು ತಾಲೂಕಿನ ಊರಿನಲ್ಲಿ. ಬದಲಿಯಿಲ್ಲದ ಕಡೆಗೇ ರಿಯಾಯಿತಿ ಹೆಚ್ಚಾಗಿರುವುದನ್ನು, ದೂರದ ಊರಿಗೆ ಯಂತ್ರಜ್ಞನು ತಲಪುವ ಕಷ್ಟವನ್ನು ನೆನೆದು ಇಟ್ಟುದೆಂದು ಸಮರ್ಥಿಸಬಹುದು. ಸಮರ್ಥನೆ ಗುತ್ತಿಗೆದಾರನ ದೃಷ್ಟಿಯಿಂದ ಸಾಧುವಾಗಿದೆ. ಬಾಣಂತಿಯ ದೃಷ್ಟಿಯಿಂದ ಲೆಕ್ಕವು ತಲೆಕೆಳಗಾಗಿದೆ.

ಇನ್ನೊಂದು ತೊಡಕು ಸರಾಸರಿಯದು. ಮೇಲಣ ಮೌಲ್ಯವನ್ನು ಉಪಕರಣಗಳ ಸಂಖ್ಯೆಯಿಂದ ಭಾಗಿಸಿದರೆ ಒಂದಕ್ಕೆ ಅರವತ್ತು ಸಾವಿರ ರೂಪಾಯಿ ಬೀಳುತ್ತದೆ. ಎಂದರೆ ಪಟ್ಟಿಯನ್ನು ತುಂಬಿರುವುದು ಬಹುಮಟ್ಟಿಗೆ ಸಣ್ಣ ಸಾಮಾನುಗಳೇ. ಸಂಸ್ಥೆಯೊಂದಕ್ಕೆ ಸರಾಸರಿ 26 ಉಪಕರಣ. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುವುದಾದರೆ, 26ರಲ್ಲಿ ಐದು ಯಂತ್ರಗಳು ವರ್ಷವಿಡೀ ಒಂದು ದಿನವೂ ನಡೆಯದಿದ್ದರೂ ಉಳಿದ 21ರ ಬಲದಿಂದ ಶೇಕಡ 80 ತುಂಬಿಬಿಡುತ್ತದೆ. ಆ ಐದು ಯಾವುವು ಎಂಬುದೇ ರೋಗಿಗೆ ಮುಖ್ಯವಾದ ಪ್ರಶ್ನೆ. ತೂಕದ ತಕ್ಕಡಿಯನ್ನೂ ಆಮ್ಲಜನಕದ ಯಂತ್ರವನ್ನೂ ಒಂದೊಂದೇ ಎಂದು ಎಣಿಸುವ ಗಣಿತಕ್ಕೆ ಆ ಪ್ರಶ್ನೆ ಕೇಳಿಸುವುದಿಲ್ಲ. ಯಂತ್ರಯಂತ್ರಕ್ಕೂ ಬೇರೆಯಾಗಿ ಲೆಕ್ಕವಿಡುವ ಕರಾರು ಈ ದೋಷದಿಂದ ಪಾರಾಗುತ್ತದೆ. ಅಂಥದನ್ನು ಬರೆಯುವುದು ಕಷ್ಟವೇನಲ್ಲ.

ಇಲ್ಲಿ ಆಡುನುಡಿಯ ಕಡೆಗೂ ಸ್ವಲ್ಪ ಗಮನ ಕೊಡಬೇಕು. ಆಸ್ಪತ್ರೆಯ ದಾದಿಯು ಯಂತ್ರದ ವಿಷಯವಾಗಿ ಹೇಳುವ ಮಾತುಗಳಲ್ಲಿ ಅರ್ಥಭೇದವುಂಟು: ‘ಮಿಷನ್ ಕೆಟ್ಟಿದೆ’ ಎಂದರೆ ದೋಷವು ಯಂತ್ರದೊಳಗಿನದು, ‘ನಿಂತಿದೆ’ ಎಂದರೆ ಕಾರಣ ಯಂತ್ರವೇ ಆಗಿರಬೇಕಾಗಿಲ್ಲ, ಕರೆಂಟು ಇಲ್ಲದಿರಬಹುದು, ಹಾಕಬೇಕಾದ ಕಾಗದ ಮುಗಿದಿರಬಹುದು, ನಡೆಸುವವನು ವರ್ಗವಾಗಿ ಹೋಗಿರಬಹುದು, ‘ನಡೀತದೆ, ಆದರೆ ಸರಿ ತೋರಿಸೋದಿಲ್ಲ’ ಎಂಬುದು ಮೂರನೆಯದು, ಎಲ್ಲಕ್ಕಿಂತ ಅಪಾಯಕರವಾದುದು. ರಕ್ತದ ಒತ್ತಡವನ್ನು ತಪ್ಪಾಗಿ ತೋರಿಸುವ ಉಪಕರಣವು ಕೆಟ್ಟು ನಿಂತುದಕ್ಕಿಂತ ಹೆಚ್ಚಿನ ಕೇಡನ್ನು ಮಾಡಬಲ್ಲದು. ಕೆಟ್ಟುದನ್ನು ಯಾರೂ ನಂಬುವುದಿಲ್ಲ. ಇದು ಶಾಸನದ ‘ಸ್ಫುಟಿತ’: ಬಿರುಕು ಬಿಟ್ಟಿದೆ, ಆದರೆ ಬಿದ್ದಿಲ್ಲ. ಅಳತೆಯ ಯಥಾರ್ಥತೆಯನ್ನು ಕಾಲಕಾಲಕ್ಕೆ ಪರೀಕ್ಷಿಸುವ ವಿಧಿ ನಿರ್ವಹಣೆಯ ಶಾಸ್ತ್ರದಲ್ಲಿ ಉಂಟು. ಆದರೆ ಕರಾರಿನ ನೆತ್ತಿಯಮೇಲೆ ನಿಂತು ದಂಡವನ್ನು ನಿರ್ಣಯಿಸುವ ಅಂಕಿಯು ನಡೆಯುವುದು, ನಡೆಯದಿರುವುದು ಎಂಬ ಎರಡೇ ಸ್ಥಿತಿಗಳನ್ನು ಬಲ್ಲುದು. ‘ಜೀರ್ಣ’ದ ಗತಿಯಂತೂ ಇನ್ನೂ ಶೋಚನೀಯ. ರಿಪೇರಿಗೆ ಮೀರಿತೆಂದು ‘ಕಂಡೆಮ್’ ಮಾಡಿದ ಯಂತ್ರವು ಕರಾರಿನ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಅದರ ಸ್ಥಾನದಲ್ಲಿ ಹೊಸದು ಬರುವುದು ಮತ್ತೊಂದು ಕಚೇರಿಯ, ಮತ್ತೊಂದು ವರ್ಷದ ಮಾತು. ಪಟ್ಟಿಯಲ್ಲಿ ಶೇಕಡ ಏರುತ್ತದೆ; ಕೊಠಡಿ ಬರಿದಾಗುತ್ತದೆ.

ಈ ಕೊರತೆಗೆ ಪ್ರಾಚೀನರು ಕಂಡುಕೊಂಡಿದ್ದ ಒಂದು ಪರಿಹಾರವು ನಂದಾದೀಪದ ದತ್ತಿಗಳಲ್ಲಿ ಕಂಡುಬರುತ್ತದೆ. ಕನ್ನಡ ಶಾಸನಗಳಲ್ಲಿ ಗದ್ಯಾಣಗಳನ್ನು ಇಟ್ಟು ಅವುಗಳ ಬಡ್ಡಿಯಿಂದ ದೀಪಕ್ಕೆ ಎಣ್ಣೆ ನಡೆಯತಕ್ಕುದೆಂದು ಹೇಳುವುದುಂಟು. ಚೋಳರ ಸೀಮೆಯ ತಮಿಳು ಶಾಸನಗಳಲ್ಲಿ ಒಂದು ದೀಪಕ್ಕೆ ಸಾಮಾನ್ಯವಾಗಿ 90 ಅಥವಾ 96 ಕುರಿಗಳನ್ನು ಬಿಟ್ಟು, ಅವನ್ನು ಪಡೆದ ಕುರಿಗಾಹಿಯು ದಿನಕ್ಕೆ ಒಂದು ಉಳಕ್ಕು ತುಪ್ಪವನ್ನು ಅಳೆಯತಕ್ಕುದೆಂದು ಕಟ್ಟುಮಾಡುತ್ತಿದ್ದರು. ಈ ಕುರಿಗಳಿಗೆ ಅಲ್ಲಿ ‘ಸಾವಾ ಮೂವಾ ಪೇರಾಡು’ ಎಂದು ಹೆಸರು; ಸಾಯದ, ಮುಪ್ಪಾಗದ ಕುರಿಗಳು ಎಂದರ್ಥ. ಕುರಿ ಸಾಯದೆ ಇರುತ್ತದೆಯೆ? ಸತ್ತುದರ ಸ್ಥಾನಕ್ಕೆ ಮರಿಯೊಂದನ್ನು ತಂದು ಸಂಖ್ಯೆಯನ್ನು ತುಂಬಿಡುವುದು ಪಡೆದವನ ಹೊಣೆ. ಆದುದರಿಂದ ಲೆಕ್ಕದಲ್ಲಿ ಕುರಿಗೆ ಸಾವಿಲ್ಲ. ಖಂಡವೂ ಜೀರ್ಣವೂ ಒಬ್ಬನ ಮೇಲೆಯೇ ಬಿದ್ದುವು. ಅದಕ್ಕೂ ಮಿಗಿಲಾಗಿ, ದಾನಿಯು ಕೇಳಿದ್ದು ಕುರಿಗಳ ಆರೋಗ್ಯದ ವರದಿಯನ್ನಲ್ಲ, ದೀಪ ಉರಿಯುವುದನ್ನು. ಗುಡಿಗೆ ಬಂದ ಯಾರಾದರೂ ದೀಪವನ್ನು ನೋಡಿಯೇ ಕರಾರು ನಡೆದಿದೆಯೋ ಇಲ್ಲವೋ ಎಂದು ಹೇಳಬಹುದಾಗಿತ್ತು.

ಯಂತ್ರವೂ ಗುತ್ತಿಗೆದಾರನದೇ ಆಗಿರುವ ಎರಡನೆಯ ಬಗೆಯ ಕರಾರು ಈ ದೀಪದತ್ತಿಗೆ ಹತ್ತಿರದ್ದು. 2016ರಲ್ಲಿ ಘೋಷಿತವಾದ ಪ್ರಧಾನಮಂತ್ರಿಗಳ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಖಾಸಗಿ ಸಹಭಾಗಿಯು ಜಿಲ್ಲಾ ಆಸ್ಪತ್ರೆಯ ಸ್ಥಳದಲ್ಲಿ ಯಂತ್ರವನ್ನೂ ಸಿಬ್ಬಂದಿಯನ್ನೂ ಒದಗಿಸಿ, ನಡೆಸಿದ ಪ್ರತಿಯೊಂದು ಡಯಾಲಿಸಿಸಿಗೆ ಇಷ್ಟೆಂದು ಹಣ ಪಡೆಯುವ ವ್ಯವಸ್ಥೆಯಿದೆ. ಯಂತ್ರ ನಿಂತರೆ ಆದಾಯವೂ ನಿಲ್ಲುವುದರಿಂದ ಶೇಕಡದ ಲೆಕ್ಕವೇ ಬೇಕಾಗುವುದಿಲ್ಲ. ಹಾಗೆಂದು ಈ ಬಗೆಯೇ ಉತ್ತಮವೆಂದು ಅವಸರದಿಂದ ನಿರ್ಣಯಿಸಲಾಗದು. ಕೀನ್ಯಾ ದೇಶದ ಸರ್ಕಾರವು 2015ರಲ್ಲಿ ತನ್ನ 47 ಪ್ರಾಂತಗಳ ಆಸ್ಪತ್ರೆಗಳಿಗೆ ಶಸ್ತ್ರಚಿಕಿತ್ಸೆ, ಮೂತ್ರಪಿಂಡ, ತೀವ್ರನಿಗಾ, ಎಕ್ಸ್-ರೇ ಮೊದಲಾದ ಯಂತ್ರಗಳನ್ನು ಪರದೇಶದ ದೊಡ್ಡ ಕಂಪನಿಗಳಿಂದ ಏಳು ವರ್ಷದ ಗುತ್ತಿಗೆಯಮೇಲೆ ತರಿಸಿತು. ಯಂತ್ರವನ್ನೊದಗಿಸಿ ಪಾಲಿಸುವುದಕ್ಕೆ ಗೊತ್ತಾದ ಕಂತು ಸಲ್ಲುತ್ತಿತ್ತೇ ಹೊರತು ಗುಣವಾದ ರೋಗಿಯ ಲೆಕ್ಕ ಅದರಲ್ಲಿರಲಿಲ್ಲ. ಆ ದೇಶದ ಸೆನೆಟ್ಟಿನ ಸಮಿತಿಯು 2020ರಲ್ಲಿ ವಿಚಾರಣೆ ನಡೆಸಿದಾಗ ನಡೆಸುವ ತಜ್ಞರಿಲ್ಲದೆ, ವಿದ್ಯುತ್ತು ನೀರುಗಳಿಲ್ಲದೆ ಹಲವೆಡೆ ಯಂತ್ರಗಳು ಸುಮ್ಮನಿದ್ದುದು ಬೆಳಕಿಗೆ ಬಂತು. ಕಂತು ಮಾತ್ರ ಸುಮ್ಮನಿರಲಿಲ್ಲ. ಕುರಿಗಳನ್ನು ಕಾಯುವುದಕ್ಕೆ ಹಣ ಕೊಟ್ಟು ದೀಪದ ಮಾತನ್ನು ಮರೆತಂತಾಯಿತು.

ದೀಪವು ಉರಿಯಬೇಕಾದರೆ ತುಪ್ಪವೊಂದೇ ಸಾಲದೆಂಬುದೂ ವಿಚಾರಾರ್ಹ. 2022ರ ಸೆಪ್ಟೆಂಬರು 14ರಂದು ಬಳ್ಳಾರಿಯ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ವಿದ್ಯುತ್ತು ನಿಂತುದೂ, ತೀವ್ರನಿಗಾ ವಿಭಾಗದಲ್ಲಿದ್ದ ರೋಗಿಗಳು ಮೃತರಾದುದೂ ವಿಧಾನಸಭೆಯಲ್ಲಿ ಚರ್ಚೆಗೆ ಬಂದುವು. ಸಾವಿಗೆ ಕಾರಣ ವಿದ್ಯುತ್ತೋ ರೋಗವೋ ಎಂಬಲ್ಲಿ ಅಭಿಪ್ರಾಯಗಳು ಭಿನ್ನವಾಗಿದ್ದುವು. ಸರ್ಕಾರವು ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ಆ ವಿವಾದದ ನಿರ್ಣಯ ಇಲ್ಲಿಯದಲ್ಲ. ಉಪಕರಣದ ಪಾಲನೆ ಒಬ್ಬರದು, ವಿದ್ಯುತ್ತಿನ ತಂತಿ ಇನ್ನೊಬ್ಬರದು, ಜನರೇಟರು ಮತ್ತೊಬ್ಬರದು ಎಂದು ವಾಕ್ಯಗಳು ಹಂಚಿಹೋದಲ್ಲಿ ಪ್ರತಿಯೊಂದು ವಾಕ್ಯವೂ ತನ್ನಷ್ಟಕ್ಕೆ ನಿರ್ದುಷ್ಟವಾಗಿದ್ದೂ ಒಟ್ಟಿನಲ್ಲಿ ಕರ್ತೃಪದವೇ ಇಲ್ಲದಂತಾಗುತ್ತದೆ ಎಂಬಷ್ಟನ್ನು ಗಮನಿಸಿದರೆ ಸಾಕು.

ಹಾಗಾದರೆ ಪ್ರಾಚೀನ ಆಸ್ಪತ್ರೆಯ ಶಾಸನಗಳು ಏನು ಹೇಳುತ್ತವೆ? ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದೂ ಅನ್ನಸತ್ರವೆಂದೂ ಕೊಂಡಾಡುತ್ತ, ಅನಾಥರಾದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ವರ್ಣಿಸುತ್ತದೆ. ವರ್ಣನೆ ಉಜ್ಜ್ವಲವಾಗಿದೆ, ಆದರೆ ಹಾಸಿಗೆಯೆಷ್ಟು ವೈದ್ಯರೆಷ್ಟು ಎಂಬುದು ಅದರಿಂದ ತಿಳಿಯುವಂತಿಲ್ಲ. ಕಾಂಚೀಪುರದ ಸಮೀಪದ ತಿರುಮುಕ್ಕೂಡಲಿನಲ್ಲಿ ವೀರರಾಜೇಂದ್ರ ಚೋಳನ ಕಾಲದ, ಸುಮಾರು 1069ರ ತಮಿಳು ಶಾಸನ ಇದಕ್ಕೆ ವಿರುದ್ಧಸ್ವಭಾವದ್ದು. ಅದರಲ್ಲಿ ಅಲಂಕಾರವಿಲ್ಲ, 15 ಹಾಸಿಗೆ, ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆಗಳನ್ನು ತರುವ ಇಬ್ಬರು, ಶುಶ್ರೂಷೆಯ ಇಬ್ಬರು ಹೆಂಗಸರು, ಕ್ಷೌರಿಕ, ನೀರಿನವನು, ವರ್ಷಕ್ಕೆ ಸಂಗ್ರಹಿಸಿಡತಕ್ಕ ಸುಮಾರು ಇಪ್ಪತ್ತು ಔಷಧಗಳ ಹೆಸರು, ರಾತ್ರಿ ಉರಿಯುವ ಒಂದು ದೀಪದ ಎಣ್ಣೆ. ಕರಾರಿನ ಗದ್ಯವೆಂಬ ದೃಷ್ಟಿಯಿಂದ ಬಳ್ಳಿಗಾವೆಯದಕ್ಕಿಂತ ಇದು ಶ್ರೇಷ್ಠವೆನ್ನದೆ ವಿಧಿಯಿಲ್ಲ, ಕನ್ನಡಿಗರ ಅಭಿಮಾನಕ್ಕೆ ಅದರಿಂದ ಸ್ವಲ್ಪ ನೋವಾದರೂ. ಶಸ್ತ್ರವೈದ್ಯನ ವೃತ್ತಿಯನ್ನು ಹೇಳಿ ಅವನ ಶಸ್ತ್ರಗಳನ್ನು ಹೇಳದೆ ಬಿಟ್ಟುದನ್ನು ನೋಡಿದರೆ ಅವು ಅವನ ಸ್ವಂತದವೇ ಆಗಿದ್ದಿರಬೇಕೆಂದು ಊಹಿಸಬಹುದು. ತನ್ನ ಕತ್ತಿಯನ್ನು ತಾನೇ ಮಸೆದುಕೊಳ್ಳುವವನಿಗೆ ನಿರ್ವಹಣಾ ಕರಾರು ಬೇಡ. ಇಂದಿನ ಆಸ್ಪತ್ರೆಯಲ್ಲಾದರೋ ಯಂತ್ರ ಒಂದೇ ಕಡೆ ಉಳಿಯುತ್ತದೆ, ನಡೆಸುವವರು ವರ್ಗವಾಗುತ್ತಾರೆ. ಅದು ತನ್ನದೆನ್ನುವವರು ಯಾರೂ ಇಲ್ಲ. ಗುತ್ತಿಗೆಯ ಪದ್ಧತಿ ಹುಟ್ಟಿದುದು ಈ ಬಿಡುವಿನಲ್ಲೇ.

ದಾನಶಾಸನಗಳನ್ನು ಹೀಗೆ ಮಾದರಿಯಾಗಿ ಹಿಡಿಯುವುದಕ್ಕೆ ಒಂದು ಆಕ್ಷೇಪವುಂಟು, ಅದು ಪ್ರಬಲವಾದುದು. ಜೀರ್ಣೋದ್ಧಾರವನ್ನು ಸಾರಿದ ಶಾಸನಗಳುಳ್ಳ ಗುಡಿಗಳೇ ಇಂದು ಜೀರ್ಣವಾಗಿ ಬಿದ್ದಿವೆ. ಎಷ್ಟೋ ಶಾಸನಶಿಲೆಗಳು ಹೊಲದ ಬದುಗಳಲ್ಲಿ ಸಿಕ್ಕಿವೆ. ತಪ್ಪಿದವನಿಗೆ ಶಾಸನಕಾರನು ವಿಧಿಸಿದ್ದು ಪಾಪವನ್ನು, ಅದೂ ಪರಲೋಕದಲ್ಲಿ. ದತ್ತಿಯನ್ನು ಅಳಿದವನಿಗೆ ಒದಗುವ ದುರ್ಗತಿಯ ಶ್ಲೋಕಗಳನ್ನು ಅಷ್ಟು ಬಾರಿ ಕೆತ್ತಿಸಬೇಕಾದುದೇ ಅಳಿಯುವವರು ಬಹುಮಂದಿ ಇದ್ದರೆಂಬುದಕ್ಕೆ ಸಾಕ್ಷಿ. ದಂಡವನ್ನು ರೂಪಾಯಿಗಳಲ್ಲಿ ಹೇಳಿ, ದೂರಿನ ದಿನವನ್ನೂ ಸರಿಪಡಿಸಿದ ದಿನವನ್ನೂ ಬರೆದಿಡುವ ಇಂದಿನ ಪತ್ರವು ಈ ಅಂಶದಲ್ಲಿ ಪೂರ್ವಿಕರನ್ನು ಮೀರಿಸಿದೆ.

ಆದರೂ ಒಂದು ಸಂಗತಿಯಲ್ಲಿ ಕಲ್ಲಿನ ಪತ್ರಕ್ಕಿದ್ದ ಗುಣ ಕಾಗದದ ಪತ್ರಕ್ಕಿಲ್ಲ. ಶಾಸನದ ಪ್ರಶಸ್ತಿಭಾಗವು ಸಂಸ್ಕೃತದಲ್ಲಿರಬಹುದು, ಪ್ರೌಢವಾದ ವೃತ್ತಗಳಲ್ಲಿರಬಹುದು; ಕೊಟ್ಟ ಮತ್ತರು ಯಾವ ಹಳ್ಳದ ಮೂಡಲು, ಯಾವ ಹುಣಿಸೆಯ ತೆಂಕಲು ಎಂಬುದನ್ನು ಹೇಳುವ ಹೊತ್ತಿಗೆ ಭಾಷೆ ಒಕ್ಕಲಿಗನ ಕನ್ನಡವಾಗುತ್ತದೆ. ಯಾವ ಭಾಗ ಅರಸನ ಕಿವಿಗೆ, ಯಾವ ಭಾಗ ಊರಿನ ಕಿವಿಗೆ ಎಂಬುದನ್ನು ಬರೆದವನು ಬಲ್ಲವನಾಗಿದ್ದನು. ಮತ್ತು ಬರೆದುದನ್ನು ಎಲ್ಲರೂ ಹಾದುಹೋಗುವ ಕಡೆ ನಿಲ್ಲಿಸಿದನು. ಯಂತ್ರಗಳ ನಿರ್ವಹಣೆಯ ಮಾದರಿಪತ್ರಗಳು ಇಂಗ್ಲಿಷಿನಲ್ಲಿವೆ. ಅವುಗಳ ಎಲ್ಲೆಕಟ್ಟುಗಳು, ಎಂದರೆ ಯಾವ ಯಂತ್ರ ಸೇರಿದೆ ಯಾವುದು ಸೇರಿಲ್ಲ ಎಂಬ ಅನುಬಂಧಗಳು ಕೂಡ ಇಂಗ್ಲಿಷಿನಲ್ಲೇ. ಯಂತ್ರದ ಮುಂದೆ ನಿಂತಿರುವ ದಾದಿಗೆ ಗೊತ್ತಿರಬೇಕಾದುದು ನಾಲ್ಕೇ ಸಂಗತಿ: ಇದು ಕರಾರಿಗೆ ಸೇರಿದ್ದೇ, ಕೆಟ್ಟರೆ ಯಾರಿಗೆ ಹೇಳತಕ್ಕುದು, ಎಷ್ಟು ದಿನದೊಳಗೆ ಬರತಕ್ಕುದು, ಬಾರದಿದ್ದರೆ ಯಾರನ್ನು ಕೇಳತಕ್ಕುದು. ಇದನ್ನು ಹಡಗಲಿಯ ಕನ್ನಡದಲ್ಲಿ ಬರೆದು ಯಂತ್ರದ ಮೈಗೇ ಅಂಟಿಸುವುದಕ್ಕೆ ಅಂಗೈಯಗಲದ ಕಾಗದ ಸಾಕು. ಶೇಕಡದ ಅಂಕಿಯನ್ನು ಬಿಟ್ಟು ದಿನಗಳ ಅಂಕಿಯನ್ನು ಅದರಲ್ಲಿ ಕಾಣಿಸಿದರೆ ಊರವರೂ ಓದಿಕೊಳ್ಳಬಹುದು.

ಕಡೆಗೆ ಅವಧಿಯ ಮಾತು ಉಳಿಯುತ್ತದೆ. ದಾನಶಾಸನಗಳು ಆಚಂದ್ರಾರ್ಕವೆಂದು ಬರೆದುವು. ಯಾವ ದಾನವೂ ಚಂದ್ರಸೂರ್ಯರಷ್ಟು ಬಾಳಲಿಲ್ಲ, ಆದರೆ ಆ ಮಾತಿನ ಬಲದಿಂದ ಮೊಮ್ಮಗನೂ ತನ್ನ ಹಕ್ಕನ್ನು ಕೇಳಬಹುದಾಗಿತ್ತು. ಕರಾರುಪತ್ರವು ಮುಗಿಯುವ ದಿನವನ್ನು ತಪ್ಪದೆ ನಮೂದಿಸುತ್ತದೆ. ಅದರ ಮರುದಿನ ಬೆಳಗ್ಗೆ ಯಂತ್ರವು ಯಾರ ಪಾಲನೆಯಲ್ಲಿರತಕ್ಕುದು, ಹಳೆಯ ಗುತ್ತಿಗೆದಾರನು ಬರೆದಿಟ್ಟ ದುರಸ್ತಿಯ ಚರಿತ್ರೆಯನ್ನು ಯಾರ ಕೈಗೆ ಒಪ್ಪಿಸತಕ್ಕುದು ಎಂಬ ಎರಡು ವಾಕ್ಯಗಳನ್ನು ಆ ದಿನಾಂಕದ ಕೆಳಗೆ ಸೇರಿಸಬೇಕು.